ಅಂಗಾತ ಮಲಗಿಸುವ ದಿನ

ಜೂನ್ 3, ಮಧ್ಯಾಹ್ನ

ಆರನೇ ಬೆಡ್ ಟೀಚರಮ್ಮನನ್ನು ಬೋರಲು ಹಾಕಿದೆವು. ಶ್ವಾಸಕೋಶ ಕೈಕೊಟ್ಟಿದೆ. ವೆಂಟಿಲೇಟರ್ ಇದ್ದರೂ ಆಕ್ಸಿಜನ್ ಏರುತ್ತಿರಲಿಲ್ಲ. ಐದು ಜನ ಬೇಕಾಯಿತು. ತಲೆಯ ಹತ್ತಿರ ಡಾಕ್ಟರ್, ಟ್ಯೂಬ್ ಹಿಡಿದು. ಎದೆಗೊಂದು ದಿಂಬು, ಸೊಂಟಕ್ಕೊಂದು. 79 ಇದ್ದದ್ದು 92! ನನ್ನ ಸೊಂಟ ಹೋಯಿತು. ಹೋಗಲಿ ಬಿಡು.

ಜೂನ್ 4, ಸಂಜೆ

ಟೀಚರಮ್ಮನ ಗಂಡ ಬಂದಿದ್ದರು. ಲಾರಿ ಡ್ರೈವರ್. ಒಳಗೆ ಬಿಡುವ ಹಾಗಿಲ್ಲ, ಗಾಜಿನಾಚೆಯಿಂದಲೇ. ಆ ಹೊತ್ತಿಗೆ ಕತ್ತು ಮೆಷಿನ್ ಕಡೆ ತಿರುಗಿಸಿದ್ದೆವು — ಅವರಿಗೆ ಕಂಡದ್ದು ಬರೀ ಬೆನ್ನು, ಜಡೆ.

“ಜಗಳ ಆದ್ರೆ ಮನೇಲೂ ಹೀಗೇ ಸಿಸ್ಟರ್. ಬೋರಲು ಬಿದ್ಕೊಂಡು ಗೋಡೆ ನೋಡ್ತಾಳೆ.”

ನಕ್ಕರು. ಆಮೇಲೆ ತೋಳಿನಿಂದ ಕಣ್ಣೊರೆಸಿಕೊಂಡರು. “ಅಂಗಾತ ಯಾವಾಗ ಮಲಗಿಸ್ತೀರ?”

“ಹುಷಾರಾದ ಮೇಲೆ” ಅಂದೆ.

ಜೂನ್ 5

ಬೆಳಿಗ್ಗೆ ಅಂಗಾತ ಹಾಕಿ ನೋಡಿದೆವು. ನೋಡನೋಡುತ್ತ 70. ಮತ್ತೆ ಬೋರಲು.

ಜೂನ್ 8, ಸಂಜೆ

“ಒಂದ್ಸಲ, ಒಂದೇ ಒಂದ್ಸಲ ತಿರುಗಿಸಿ. ಮುಖ ನೋಡ್ಕೊಂಡು ಹೋಗ್ತೀನಿ.”

ದಿನಾ ಇದೇ. ತಲೆ ಕೆಟ್ಟಿತ್ತು, ರೇಗಿಬಿಟ್ಟೆ — “ಮುಖ ಬೇಕಾ, ಉಸಿರು ಬೇಕಾ ನಿಮ್ಗೆ?”

ಪೆಚ್ಚಾದರು ಪಾಪ. “ಉಸಿರು” ಅಂದರು. ಹೋಗಿ ಬೆಂಚಿನ ಮೇಲೆ ಕೂತರು. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ.

ಜೂನ್ 14, ಬೆಳಿಗ್ಗೆ

ಬೋರಲು ಮಲಗಿಸಿದರೂ 68. ಮುಖ ಊದಿ ಗುರುತೇ ಸಿಗದು, ಕೆನ್ನೆಯಲ್ಲಿ ಗಾಯ. ಕಿಡ್ನಿಯೂ ನಿಂತಿತು. ನಾನು ಬೇಡಿಕೊಳ್ಳದ ದೇವರಿಲ್ಲ. ಡಾಕ್ಟರ್ ಗ್ಲೌಸ್ ಬಿಚ್ಚುತ್ತ, ನನ್ನ ಕಡೆ ನೋಡದೆ — “ಇನ್ನೇನೂ ಉಳಿದಿಲ್ಲ. ಅಂಗಾತ ಮಲಗಿಸಿಬಿಡಿ ಸಿಸ್ಟರ್. ಗಂಡನ್ನ ಒಳಗೆ ಕರೀರಿ. ಕೈ ಹಿಡ್ಕೊಂಡು ಕೂತ್ಕೊಳ್ಳಲಿ.”

ಮಧ್ಯಾಹ್ನ

ಸ್ಟೋರ್ ರೂಮಿನಲ್ಲಿದ್ದೇನೆ. ಬಾಗಿಲು ಹಾಕಿಕೊಂಡಿದ್ದೇನೆ. ಅವರಿಗೆ ಫೋನ್ ಮಾಡಿದೆ, ಬಾಯಿಗೆ ಬಂದದ್ದು ಇಷ್ಟೇ — ಅಂಗಾತ ಮಲಗಿಸ್ತಿದ್ದೀವಿ, ಬನ್ನಿ. ಅಷ್ಟು ಹೇಳಿ ಇಟ್ಟುಬಿಟ್ಟೆ. ಬಂದರು. ಗಡ್ಡ ತೆಗೆದುಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು.

“ಹುಷಾರಾದ್ಲಾ ಸಿಸ್ಟರ್!” ನನ್ನ ಎರಡೂ ಕೈ ಹಿಡಿದುಕೊಂಡರು. ಕಸ ಗುಡಿಸುವವಳಿಗೂ ಥ್ಯಾಂಕ್ಸ್ ಹೇಳಿದರು.

“ಒಂದ್ನಿಮಿಷ” ಅಂದು ಇಲ್ಲಿಗೆ ಓಡಿ ಬಂದೆ. ನನ್ನಂಥ ಹೇಡಿ ಇಲ್ಲ. ಬಾಗಿಲಾಚೆ ಅವರದೇ ದನಿ, ಯಾರಿಗೋ ಫೋನಿನಲ್ಲಿ — “ಅಂಗಾತ ಮಲಗಿಸ್ತಾರಂತೆ ಕಣೋ! ಇವತ್ತೇ!”

ಹೋಗಬೇಕು. ಹೇಳಬೇಕು. ಏನಂತ —