ಟೆನ್ಶನ್ ಇಳಿದ ಮೇಲೆ

ಮೋಹನಾ,

ಐಪ್ಪಸಿ ತಿಂಗಳ ಮಳೆಮೋಡ ಕವಿದಿದೆ. ಮಳೆ ಬಿದ್ದರೆ ಹಣ್ಣಾದ ದ್ರಾಕ್ಷಿಯೆಲ್ಲ ಒಡೆದುಹೋಗುತ್ತದೆ. ನಾನೂ ನಿನ್ನ ಹೆಂಡತಿಯೂ ಕತ್ತರಿ ಹಿಡಿದು ತೋಟಕ್ಕೆ ಹೊರಟೆವು. ನಿನ್ನೆ ನೀನು ಬೈದ ಮೇಲೆ ಗೊಂಚಲು ಕೊಯ್ಯುವ ಹೆಂಗಸರು ಯಾರೂ ಬರುವುದಿಲ್ಲವಂತೆ. "ನಿನ್ ತಮ್ಮನ್ಗೆ ಟೆನ್ಶನ್ ಬಂದ್ರೆ ನಾವ್ಯಾಕ್ ತಾಯಿ ಬೈಸ್ಕೋಬೇಕು?" ಅಂದಳು ವೆಳ್ಳೈಯಮ್ಮಾಳ್.

ದ್ರಾಕ್ಷಿ ವ್ಯಾಪಾರಿ ಫೋನ್ ಮಾಡಿದರೆ ಎತ್ತಬೇಡ, ಮತ್ತೆ ಟೆನ್ಶನ್ ಏರುತ್ತದೆ. ಡಾಕ್ಟರಮ್ಮ ಹೇಳಿದಂತೆ ನಿಧಾನವಾಗಿ ಉಸಿರೆಳೆದು ಬಿಡು, ಕಾಲುವೆವರೆಗೂ ನಡೆದು ಬಾ. ಕಾಫಿಪುಡಿ ಹುಡುಕಬೇಡ, ಬಚ್ಚಿಟ್ಟಿದ್ದೇನೆ. ಮೊಸರನ್ನ ಮುಚ್ಚಿಟ್ಟಿದೆ, ಕೂತು ತಿನ್ನು. ನಿನ್ನ ಸಿಟ್ಟಿಗೆ ಇಷ್ಟೊಂದು ಔಷಧಿ. ನಮ್ಮ ಸಿಟ್ಟಿಗೆ ಕತ್ತರಿಯೊಂದೇ.

ಮನಸ್ಸು ತಣ್ಣಗಾದ ಮೇಲೆ ವೆಳ್ಳೈಯಮ್ಮಾಳ ಮನೆಗೆ ಹೋಗಿ ತಪ್ಪಾಯಿತು ಅನ್ನು. ನಿನ್ನ ಪರವಾಗಿ ಎಷ್ಟೋ ಸಲ ನಾನು ಅಂದಿದ್ದೇನೆ. ಈ ಸಲ ಅಂದಿಲ್ಲ, ಅನ್ನುವುದೂ ಇಲ್ಲ.

ಅಕ್ಕ