ಧೂಳಿನ ಹೆಸರಿನಲ್ಲಿ ಒಂದು ಗೋಡೆ

ಮಾನ್ಯ ವಿಕಾಸ ಅಧಿಕಾರಿಗಳೇ,

ನೀವು ಮಂಜೂರು ಮಾಡಿದ ಗೋಡೆಯಿಂದಾಗಿ ನಮ್ಮ ಊರಿನ ಒಬ್ಬ ಹುಡುಗಿಯ ಕಾಲೇಜು ನಿಂತಿದೆ. ಗೋಡೆ ಇನ್ನೂ ಪೂರ್ತಿಯಾಗಿಲ್ಲ. ಆದ್ದರಿಂದ ಈ ಪತ್ರ. ಇದೇ ವಿಷಯವನ್ನು ಮರಾಠಿಯಲ್ಲಿ ಅರ್ಜಿಯಾಗಿ ಬರೆದು ನಿಮ್ಮ ಕಚೇರಿಗೆ ಕೊಟ್ಟಿದ್ದೆ. ಸ್ವೀಕರಿಸಲಾಗಿದೆ ಎಂಬ ಮುದ್ರೆ ಬಿತ್ತು, ಮುಂದೇನೂ ಆಗಲಿಲ್ಲ. ಈಗ ಗಡಿಯ ಎರಡೂ ಕಡೆ ಓದುವ ಈ ಪತ್ರಿಕೆಯಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಚೆನ್ನಾಗಿ ಬರುತ್ತದೆ. ನಿಮ್ಮ ಕನ್ನಡವನ್ನು ನಾನು ನಮ್ಮ ಮನೆಯ ಪಡಸಾಲೆಯಲ್ಲಿಯೇ ಕೇಳಿದ್ದೇನೆ. ನಿಮ್ಮ ಹೆಸರನ್ನಾಗಲಿ ತಾಲೂಕನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಓದುವವರಿಗೆ ತಮ್ಮ ತಮ್ಮ ತಾಲೂಕಿನ ಅಧಿಕಾರಿ ನೆನಪಾದರೆ ಅದು ನನ್ನ ತಪ್ಪಲ್ಲ.

ಉಮರ್ಗಾ ಮತ್ತು ನಿಲಂಗಾದ ನಡುವಿನ ನಮ್ಮ ಊರು ತೊಂಬತ್ತಮೂರರ ಭೂಕಂಪದಲ್ಲಿ ನೆಲಕಚ್ಚಿತು. ಭೂಕಂಪ ಯಾರ ಹೊಲ ಎಷ್ಟು ಎಂದು ಕೇಳಲಿಲ್ಲ. ಆ ಪ್ರಶ್ನೆಯನ್ನು ಆಮೇಲೆ ಸರ್ಕಾರ ಕೇಳಿತು. ಹೊಸ ಊರಿನಲ್ಲಿ ಹೊಲ ಹೆಚ್ಚಿದ್ದವರಿಗೆ ದೊಡ್ಡ ಮನೆ, ಹೊಲವೇ ಇಲ್ಲದವರಿಗೆ ಎಲ್ಲಕ್ಕಿಂತ ಚಿಕ್ಕ ಮನೆ ಸಿಕ್ಕಿತು. ಮನೆ ಕಳೆದುಕೊಂಡವರಿಗೆ ಮನೆ ಕೊಡುವುದಕ್ಕೆ ಇದಕ್ಕಿಂತ ಸರಳವಾದ ಲೆಕ್ಕ ಇರಬಹುದಿತ್ತೇನೋ. ನಮ್ಮ ಮನೆಯವರಿಗೆ ದೊಡ್ಡ ಮನೆಯೇ ಸಿಕ್ಕಿದ್ದರಿಂದ ನಾವು ಆ ಬಗ್ಗೆ ಯೋಚಿಸಲಿಲ್ಲ.

ಆದರೆ ಹೊಸ ಊರಿನ ನಕ್ಷೆಯಲ್ಲಿ ಒಂದು ಎಡವಟ್ಟು ನಡೆದುಹೋಯಿತು. ಹಳೆಯ ಊರಿನಲ್ಲಿ ದಲಿತರ ಓಣಿ ಮೂಡಲ ದಿಕ್ಕಿಗಿತ್ತು. ಆ ಓಣಿಯನ್ನು ನಮ್ಮವರು ಕರೆಯುತ್ತಿದ್ದ ಹೆಸರನ್ನು ಇಲ್ಲಿ ಬರೆಯಲು ನನ್ನ ಕೈ ಏಳುವುದಿಲ್ಲ. ಮೂಡಲಿಗೇ ಏಕೆಂದರೆ ನಮ್ಮ ಕಡೆ ಗಾಳಿ ಬಹುಕಾಲ ಪಡುವಣದಿಂದ ಬೀಸುತ್ತದೆ. ಮೊದಲು ನಮ್ಮನ್ನು ಮುಟ್ಟಿ ಆಮೇಲೆ ಅವರನ್ನು ಮುಟ್ಟಬೇಕು, ಅವರನ್ನು ಮುಟ್ಟಿದ ಗಾಳಿ ನಮ್ಮ ಕಡೆ ತಿರುಗಬಾರದು. ಇದನ್ನು ಯಾರೂ ಕಲಿಸುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಹೊಸ ಊರಿನ ನಕ್ಷೆ ಬರೆದ ಇಂಜಿನಿಯರ್ ಹೊರಗಿನವರು. ಗಾಳಿಗೂ ಜಾತಿ ಇದೆ ಎಂದು ಪಾಪ ಅವರಿಗೆ ಯಾರೂ ಹೇಳಿರಲಿಲ್ಲ. ಪಡುವಣದ ಮುರುಮಿನ ನೆಲ ಗಟ್ಟಿ ಇದೆ ಎಂದು ಚಿಕ್ಕ ಮನೆಗಳನ್ನೆಲ್ಲ ಅಲ್ಲಿ ಸಾಲಾಗಿ ಕಟ್ಟಿಸಿಬಿಟ್ಟರು. ಅಂದಿನಿಂದ ಗಾಳಿ ಮೊದಲು ಅವರನ್ನು ಮುಟ್ಟಿ ಆಮೇಲೆ ನಮ್ಮನ್ನು ಮುಟ್ಟುತ್ತಿದೆ. ಹದಿನಾರು ವರ್ಷಗಳಾದವು, ಅದರಿಂದ ಯಾರೂ ಸತ್ತಿಲ್ಲ.

ನಡುವೆ ತಗಡಿನ ಶೆಡ್ಡುಗಳ ದಿನಗಳಿದ್ದವು. ಮನೆ ಏಳುವ ತನಕ ಎಲ್ಲರೂ ಅವುಗಳಲ್ಲಿದ್ದೆವು. ನಮ್ಮ ಶೆಡ್ಡಿಗೂ ಮಲಕಮ್ಮನ ಶೆಡ್ಡಿಗೂ ನಡುವೆ ಒಂದೇ ತಗಡು. ಮಲಕಮ್ಮ ಆ ಓಣಿಯವಳು, ಕೂಲಿ ಮಾಡುವವಳು. ಅವಳ ಸೊಸೆ ಅಲ್ಲಿಯೇ ಹೆತ್ತಳು. ಹೆರಿಗೆಯ ಹೊತ್ತಿಗೆ ನನ್ನ ತಾಯಿ ವಿಮಲಾಬಾಯಿ ತಗಡಿನ ಆಚೆ ಹೋಗಿ ಕೂತಳು, ತನ್ನದೊಂದು ಹಳೆಯ ಇಳಕಲ್ ಸೀರೆ ಹರಿದು ಕೂಸನ್ನು ಸುತ್ತಿದಳು. ಆ ಕೂಸೇ ಶುಭಾಂಗಿ. ಈಗ ನಿಲಂಗಾದಲ್ಲಿ ಹನ್ನೆರಡನೆಯ ತರಗತಿ, ವಿಜ್ಞಾನ. ಓಣಿಯಿಂದ ಅಷ್ಟು ಓದಿದ ಮೊದಲ ಹುಡುಗಿ. ನಾನು ಮೇಲೆ ಹೇಳಿದ ಕಾಲೇಜು ಅವಳದು.

ಗೋಡೆಯ ಮಾತು ಬಂದಾಗ ತಾಯಿಗೆ ಆ ಸೀರೆಯನ್ನು ನೆನಪಿಸಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

“ಆಗ ಮನಿನೇ ಇರಲಿಲ್ಲಲ್ಲೋ. ಮನಿ ಇಲ್ಲದಾಗ ಮಡಿ ಎಲ್ಲಿಂದ ಬರಬೇಕು?”

ಅವಳು ಕೆಟ್ಟ ಹೆಂಗಸಲ್ಲ. ಶ್ರಾವಣ ಸೋಮವಾರದ ಭಜನೆಯಲ್ಲಿ, ಶಿವನ ಮುಂದೆ ಎಲ್ಲರೂ ಒಂದೇ ಎಂಬ ಸಾಲು ಬಂದಾಗ ಅವಳ ಕಣ್ಣು ತುಂಬುತ್ತದೆ. ನಮ್ಮ ಇಡೀ ಸಮಾಜದ ಕಣ್ಣು ತುಂಬುತ್ತದೆ.

ಇನ್ನು ನಿಮ್ಮ ವಿಷಯ. ನಮ್ಮ ಊರಿನ ಸರಪಂಚರು ಯಾರು ಎಂದು ನಿಮ್ಮ ಕಾಗದಗಳಲ್ಲಿ ನೋಡಿದರೆ ನನ್ನ ಅತ್ತಿಗೆ ಸುಮನಬಾಯಿಯ ಹೆಸರು ಸಿಗುತ್ತದೆ. ಮಹಿಳೆಯರಿಗೆ ಮೀಸಲಾದ ಸ್ಥಾನ. ನೀವು ಬಂದ ದಿನ ಸರಪಂಚರು ಅಡುಗೆಮನೆಯಲ್ಲಿ ಹೋಳಿಗೆ ಮಾಡುತ್ತಿದ್ದರು, ಪಡಸಾಲೆಯಲ್ಲಿ ಅವರ ಪತಿ, ಅಂದರೆ ನನ್ನ ಅಣ್ಣ ಶಾಂತವೀರಪ್ಪ, ನಿಮ್ಮನ್ನು ಉಪಚರಿಸುತ್ತಿದ್ದ. ನೀವು ನಮ್ಮ ಸಮಾಜದವರೇ ಎಂದು ತಿಳಿದು ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಊಟಕ್ಕೆ ನಾನು ನಿಮ್ಮ ಪಕ್ಕದಲ್ಲೇ ಕೂತಿದ್ದೆ. ಅಲ್ಲಿಯ ತನಕ ಮರಾಠಿಯಲ್ಲಿದ್ದ ನೀವು ತುಪ್ಪ ಬಡಿಸಿದ ಮೇಲೆ ಕನ್ನಡಕ್ಕೆ ಬಂದಿರಿ.

“ಇಂಜಿನಿಯರ ಮಂದಿ ಗಾಳಿ ನೋಡಲಾರದೆ ಊರ ಕಟ್ಯಾರ್ರಿ ಶಾಂತವೀರಪ್ಪನವರ. ಹಿರೇರು ಮೂಡಲಕ್ಕ ಇಟ್ಟಿದ್ದು ಸುಮ್ಮ ಇಟ್ಟಿದ್ರೇನು?”

“ಹದಿನಾರು ವರ್ಷ ಅವರ ಗಾಳಿನೇ ಕುಡದೀವ್ರಿ ಸಾಹೇಬ್ರ,” ಎಂದ ಅಣ್ಣ.

“ಕುಡದದ್ದು ಸಾಕು. ಧೂಳು ಅಂತ ಬರೀತೀನಿ. ಧೂಳಿಗೆ ಯಾರೂ ಬ್ಯಾಡ ಅನ್ನಂಗಿಲ್ಲ.”

ಎಲ್ಲರೂ ನಕ್ಕರು. ಕಾಗದ ಅಡುಗೆಮನೆಗೆ ಹೋಯಿತು. “ಏನದ ಇದು?” ಎಂದು ಅತ್ತಿಗೆ ಕೇಳಿದ್ದು ಹೊರಗೆ ಕೇಳಿಸಿತು. “ಧೂಳಿಂದು,” ಎಂದ ಅಣ್ಣ. ಸರಪಂಚರು ಕೈಗೆ ಹತ್ತಿದ ಹಿಟ್ಟು ಒರೆಸಿಕೊಂಡು ಸಹಿ ಮಾಡಿದರು. ಪಶ್ಚಿಮ ಭಾಗದ ಧೂಳು ನಿವಾರಣಾ ಗೋಡೆ ಹುಟ್ಟಿದ್ದು ಹೀಗೆ.

ಒಂದು ಸಣ್ಣ ಸಂದೇಹವಿದೆ, ಸಾಹೇಬರೇ. ಧೂಳು ಪಡುವಣದ ಬಯಲಿನಿಂದ ಬರುತ್ತದೆ ಎಂದೇ ಇಟ್ಟುಕೊಳ್ಳೋಣ. ಹಾಗಿದ್ದರೆ ಅದು ಮೊದಲು ಹೊಗುವುದು ಚಿಕ್ಕ ಮನೆಗಳನ್ನು. ಗೋಡೆ ಆ ಮನೆಗಳ ಆಚೆ, ಬಯಲಿನ ಕಡೆ ಏಳಬೇಕಿತ್ತಲ್ಲವೇ? ಅವರ ಮನೆಗೂ ನಮ್ಮ ಮನೆಗೂ ನಡುವೆ ಏಕೆ ಎದ್ದಿತು? ಅವರ ಕೂಸುಗಳ ಮೂಗಿಗೆ ಹೋಗುವ ಧೂಳನ್ನು ನಿಮ್ಮ ಇಲಾಖೆ ಏನೆಂದು ಕರೆಯುತ್ತದೆ?

ಗೋಡೆ ಏಳುವ ಮೊದಲೇ ಈ ಪ್ರಶ್ನೆಯನ್ನು ನಾನು ಗ್ರಾಮಸಭೆಯಲ್ಲಿ ಕೇಳಿದೆ. ಸುಮ್ಮನೆ ಕೂತೆ ಎಂದು ಯಾರೂ ತಿಳಿಯಬಾರದು. ಒಳ್ಳೆಯ ಮರಾಠಿಯಲ್ಲಿ, ಸಮಾನತೆಯ ಬಗ್ಗೆ, ಸಾಕಷ್ಟು ಹೊತ್ತು ಮಾತಾಡಿದೆ. ಹೆಂಗಸರನ್ನು ಸಭೆಗೆ ಕರೆದಿರಲಿಲ್ಲ. ಓಣಿಯ ಗಂಡಸರು ಬಾಗಿಲ ಹೊರಗೆ ನಿಂತಿದ್ದರು. ನನ್ನ ಮಾತು ಮುಗಿದಾಗ ನೀವೇ ಮೊದಲು ಚಪ್ಪಾಳೆ ತಟ್ಟಿದಿರಿ. “ಇವರಂಥ ಓದಿದವರು ಊರಿಗೆ ಭೂಷಣ,” ಎಂದಿರಿ. ಚಹಾ ಬಂತು. ಗೋಡೆಯ ಠರಾವು ಪಾಸಾಯಿತು. ನನ್ನನ್ನು ಬೈದಿದ್ದರೆ, ಹೊರಗೆ ಹಾಕಿದ್ದರೆ, ಇಂದು ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ನಮ್ಮೂರಿನಲ್ಲಿ ನನ್ನ ಮಾತಿನಿಂದ ಯಾರಿಗೂ ಏನೂ ಆಗುವುದಿಲ್ಲ ಎಂಬುದು ನಿಮಗೆ ಒಂದೇ ಸಭೆಯಲ್ಲಿ ತಿಳಿದುಹೋಯಿತು.

ಗೋಡೆ ಎಂದರೆ ಏನೆಂದು ನಿಮ್ಮ ಕಚೇರಿಯಿಂದ ಕಾಣದಿರಬಹುದು, ಹೇಳುತ್ತೇನೆ. ದೊಡ್ಡ ಮನೆಗಳ ಬೆನ್ನಿನ ಸಾಲಿಗೆ ಸೇರಿಸಿ ಸಂದಿಗಳನ್ನೆಲ್ಲ ಮುಚ್ಚುತ್ತ ಅದು ಹೋಗುತ್ತಿದೆ. ಓಣಿಯವರು ಬಸ್ಸಿಗೆ ಬರುತ್ತಿದ್ದದ್ದು ಆ ಸಂದಿಗಳಿಂದ. ಉಳಿದಿರುವ ಒಂದು ಸಂದಿಯಲ್ಲೂ ಈಗ ಇಟ್ಟಿಗೆ ಮರಳಿನ ರಾಶಿ ಬಿದ್ದು ಹಾಯಲು ಬಾರದಂತಾಗಿದೆ. ಅವರು ಹಳ್ಳಕ್ಕಿಳಿದು, ದಾರು ಅಂಗಡಿಯ ಹಿಂದಿನಿಂದ ಸುತ್ತಿ ರಸ್ತೆ ಸೇರಬೇಕು. ಗಂಡಸರಿಗೆ ಅದು ದೂರದ ಹಾದಿ. ಸಂಜೆಯ ಬಸ್ಸಿಗೆ ಒಬ್ಬಳೇ ಇಳಿಯುವ ಹುಡುಗಿಗೆ ಅದು ಹಾದಿಯೇ ಅಲ್ಲ. ಒಂದು ಸಂಜೆ ಅಂಗಡಿಯ ಹಿಂದೆ ಕುಡಿಯುತ್ತ ಕೂತವರು ಶುಭಾಂಗಿಯ ಪುಸ್ತಕದ ಚೀಲ ಹಿಡಿದೆಳೆದರು. ಅವರು ಯಾರ ಮಕ್ಕಳೆಂದು ನನಗೆ ಗೊತ್ತು, ನಿಮ್ಮ ಪಂಕ್ತಿಯಲ್ಲಿ ಉಂಡವರ ಮಕ್ಕಳೇ. ಮರುದಿನ ಅವಳ ಅಪ್ಪ ವೈಜಿನಾಥ, “ಸಾಕು ಕಾಲೇಜು,” ಎಂದ.

ವೈಜಿನಾಥನನ್ನು ಹೇಗೆ ಬೈಯಲಿ? ಹೊಸ ಊರು ಏಳುವಾಗ ಗೌಂಡಿ ಕೆಲಸ ಕಲಿತವನು ಅವನು. ನಾನು ಮಲಗುವ ಕೋಣೆಯ ಗೋಡೆ ಅವನು ಕಟ್ಟಿದ್ದು. ಈಗ ಈ ಗೋಡೆಯನ್ನು ಕಟ್ಟುತ್ತಿರುವವನೂ ಅವನೇ. “ನಿನ್ನ ಮಗಳ ಹಾದಿಗೆ ನೀನೇ ಇಟ್ಟಂಗಿ ಇಡ್ತಿಯೇನೋ?” ಎಂದು ಕೇಳಿದೆ. ಅವನು ಕರಣಿಯಿಂದ ಸಿಮೆಂಟು ಸವರುತ್ತಲೇ ಹೇಳಿದ:

“ನಾ ಇಡಲಿಲ್ಲಂದ್ರ ಲೋಹಾರಾದ ಗೌಂಡಿ ಬಂದು ಇಡ್ತಾನ್ರಿ. ಗ್ವಾಡಿ ಅಂತೂ ಏಳ್ತದ. ಸೊಟ್ಟ ಯಾಕ ಏಳಬೇಕು?”

ಮಲಕಮ್ಮ ಒಂದು ಮಧ್ಯಾಹ್ನ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. “ಸಾವಕಾರ, ಈ ಗ್ವಾಡಿ ಯಾಕ್ರಿ?” ಎಂದಳು. ಪಡಸಾಲೆಯ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಹೇಳಲು ಆಗಲಿಲ್ಲ. “ಧೂಳಿಗೆ, ಮಲಕಮ್ಮ,” ಎಂದೆ. ಅವಳು ನನ್ನ ಮುಖ ನೋಡಿದಳು. “ಹೌದ್ರಿ. ಧೂಳ ಭಾಳ ಅದ,” ಎಂದು ಬೇರೆ ಕಡೆ ತಿರುಗಿದಳು. ನನ್ನ ಮರ್ಯಾದೆ ಉಳಿಸಲು ಆಡಿದ ಮಾತು ಅದು. ಆಮೇಲೆ, ಒಂದಾಳು ನುಸುಳುವಷ್ಟು ಕಿಂಡಿಯನ್ನಾದರೂ ಬಿಡಿಸಿ ಎಂದು ಬೇಡಿಕೊಂಡಳು. ಅಣ್ಣನಿಗೆ ಹೇಳಿದೆ. “ಕಿಂಡಿ ಬಿಟ್ರ ಗಾಳಿ ಬ್ಯಾಡಂತದೇನು?” ಎಂದು ಅವನು ಎಲೆ ಅಡಿಕೆ ಹಾಕಿಕೊಂಡ.

ನಾನು ಬಟ್ಟೆ ಅಂಗಡಿಯಲ್ಲಿ ಕೂತು ಕಾದಂಬರಿ ಓದುವವನು. ಹೆಚ್ಚಾಗಿ ಅನುವಾದಗಳು. ದೂರದ ದೇಶಗಳಲ್ಲಿ ಚರ್ಮದ ಬಣ್ಣ ನೋಡಿ ಮನುಷ್ಯರನ್ನು ಬಸ್ಸಿನ ಹಿಂದಿನ ಸೀಟಿಗೆ ಕಳಿಸುತ್ತಿದ್ದ ಕಾಲದ ಕಥೆಗಳನ್ನು ಓದಿ ಎಷ್ಟೋ ಸಲ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದೇನೆ. ಬಟ್ಟೆ ಅಳೆಯುವ ಮೀಟರ್ ಕೋಲು ಹಿಡಿದು ಕೂತು ಪರದೇಶದವರಿಗಾಗಿ ಅಳುವುದು ಸುಲಭ, ಅವರು ಅಂಗಡಿಗೆ ಬಂದು ಏನೂ ಕೇಳುವುದಿಲ್ಲ. ಅಂಥ ಒಂದು ಕಾದಂಬರಿಯನ್ನು ಶುಭಾಂಗಿಗೆ ಕೊಟ್ಟಿದ್ದೆ. ಹೇಗಿತ್ತು ಎಂದು ಕೇಳಿದ್ದಕ್ಕೆ ಅವಳು ಸ್ವಲ್ಪ ನಕ್ಕಳು.

“ಛಂದ ಅದ್ರಿ ಕಾಕಾ. ಅವರಿಗಿ ಬಸ್ಸಿನ್ಯಾಗ ಹಿಂದ ಕೂಡಸ್ತಿದ್ರು. ಬಸ್ಸಿನ ತನಕ ಹೋಗ್ಲಾಕ ಹಾದಿ ಇತ್ತಲ್ರಿ.”

ಕಡೆಗೆ ನನಗೆ ತೋಚಿದ್ದನ್ನೂ ಮಾಡಿ ನೋಡಿದೆ. ನಮ್ಮ ಮನೆಯ ಹಿತ್ತಲ ಬಾಗಿಲು ಓಣಿಯ ಕಡೆಗಿದೆ, ಮುಂಬಾಗಿಲು ರಸ್ತೆಯ ಕಡೆಗೆ. ಬೆಳಿಗ್ಗೆ ಸಂಜೆ ಹುಡುಗಿ ನಮ್ಮ ಮನೆಯೊಳಗಿಂದ ಹಾದು ಬಸ್ಸಿಗೆ ಹೋಗಲಿ ಎಂದೆ. ಮಲಕಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು.

“ದೇವರ ಮನಿ ಮುಂದಿಂದ ಹಾಯಬೇಕೇನ್ರಿ ನನ್ನ ಮೊಮ್ಮಗಳು, ದಿನಾ ಎರಡು ಸರ್ತಿ? ನಿಮ್ಮವ್ವಗ ಮೊಣಕಾಲ ನೋವದ ಸಾವಕಾರ. ಎಷ್ಟು ಸರ್ತಿ ನೆಲ ತೊಳೀಬೇಕು ಪಾಪ?”

ಶುಭಾಂಗಿ ನಗಲಿಲ್ಲ. “ನಿಮ್ಮ ಮನಿ ನಿಮ್ಮದು ಕಾಕಾ. ಸಂದಿ ಊರಿಂದು,” ಎಂದಷ್ಟೇ ಹೇಳಿದಳು. ಆಮೇಲೆ ನಾನು ಕೊಟ್ಟಿದ್ದ, ಅರ್ಧ ಓದಿದ್ದ ಇನ್ನೊಂದು ಪುಸ್ತಕವನ್ನೂ ಹಿಂದಿರುಗಿಸಿ ತೊಗರಿ ಹೊಲದ ಕೂಲಿಗೆ ನಡೆದಳು.

ಉದಗೀರದ ಒಂದು ಮನೆಯವರು ಬರುವ ಗುರುವಾರ ಅವಳನ್ನು ನೋಡಲು ಬರುತ್ತಾರೆ. ಒಪ್ಪಿದರೆ ಯುಗಾದಿಗೆ ಮೊದಲೇ ಲಗ್ನ. ಹದಿನೆಂಟು ತುಂಬಿದೆಯೋ ಇಲ್ಲವೋ ಎಂದು ಕೇಳುವ ಕಾನೂನು ನಿಮ್ಮಲ್ಲಿದೆ, ತುಂಬಿಲ್ಲ ಎಂದು ನಾನು ಈ ಮೂಲಕ ತಿಳಿಸುತ್ತಿದ್ದೇನೆ. ಆದರೆ ಬರಿಯ ಲಗ್ನ ನಿಲ್ಲಿಸಿ ಪುಣ್ಯ ಕಟ್ಟಿಕೊಳ್ಳಬೇಡಿ. ಹಾದಿ ಮುಚ್ಚಿಯೇ ಇದ್ದರೆ ಅವಳು ಮನೆಯಲ್ಲಿ ಕೂತು ಹದಿನೆಂಟು ತುಂಬಿಸಿಕೊಳ್ಳುತ್ತಾಳೆ, ಅಷ್ಟೇ.

ಆದ್ದರಿಂದ ನನ್ನ ಬೇಡಿಕೆ ಕಿಂಡಿಯದಲ್ಲ. ಧೂಳು ನಿವಾರಣೆಯ ಆದೇಶವನ್ನು ಬುಧವಾರದೊಳಗೆ ರದ್ದು ಮಾಡಿ, ಎದ್ದಷ್ಟು ಗೋಡೆಯನ್ನು ಕೆಡವಿಸಿ, ಸಂದಿಗಳನ್ನು ತೆರೆಯಿಸಿ. ಆಗುವುದಿಲ್ಲ ಎಂದರೆ ನಮ್ಮ ಪಡಸಾಲೆಯಲ್ಲಿ ಆಡಿದ ಮಾತನ್ನು ಓಣಿಗೆ ಬಂದು ಮಲಕಮ್ಮನ ಎದುರಿಗೆ, ಅದೇ ಕನ್ನಡದಲ್ಲಿ, ನಗದೆ ಆಡಿ. ನಾನು ಆಡಲಾರದೆ ಹೋದೆ.

ಬುಧವಾರದೊಳಗೆ ಏಕೆಂದರೆ ಗೋಡೆಯ ಕೊನೆಯ ಸಂದಿಯನ್ನು ಅಂದು ಮುಚ್ಚಬೇಕೆಂದು ಅಣ್ಣ ಹೇಳಿದ್ದಾನೆ. ಗುರುವಾರ ಬೀಗರಾಗುವವರು ಬರುತ್ತಾರೆ, ಒಂದು ದಿನ ರಜೆ ಬೇಕು ಎಂದು ವೈಜಿನಾಥ ಕೇಳಿದ. ಅಣ್ಣ ಕೂಡಲೇ ಒಪ್ಪಿದ. ಆ ಓಣಿಯವರು ಕೇಳಿದ್ದನ್ನು ನಮ್ಮ ಊರು ಎರಡು ಮಾತಿಲ್ಲದೆ ಕೊಟ್ಟದ್ದು, ನನಗೆ ತಿಳಿದ ಮಟ್ಟಿಗೆ, ಇದೇ ಮೊದಲು.

ಇಂತಿ,
ಅಂದು ನಿಮ್ಮ ಪಕ್ಕದ ತಟ್ಟೆಯಲ್ಲಿ ಹೋಳಿಗೆ ಉಂಡು ಎದ್ದ
ಸರಪಂಚರ ಮೈದುನ