ಮರಕುಟಿಕ ಕೊರೆದ ಮರ

ಮಾರ್ಚ್ ೧೪, ಶುಕ್ರವಾರ

ಪಾರ್ಕಿನ ಕೊಳದ ಪಕ್ಕದ ಆ ದೊಡ್ಡ ಮರ ಕಣ್ಣಮುಂದಿನಿಂದ ಸರಿಯುತ್ತಿಲ್ಲ. ಒಂದೇ ಬೆಂಚಿನಲ್ಲಿ ಕೂತು ವರ್ಷವಿಡೀ ಅದರ ಫೋಟೊ ತೆಗೆದಿದ್ದೇನೆ. ಮರಕುಟಿಕ ಅದರಲ್ಲಿ ಗೂಡು ಕೊರೆದಾಗ ಮನೆಮಂದಿಗೆಲ್ಲ ತೋರಿಸಿ ಬೀಗಿದ್ದೆ. ಆ ಹಕ್ಕಿ ಕೊರೆಯುವುದು ಒಳಗೆ ಕೊಳೆತ ಮರವನ್ನು ಎಂದು ಆಗ ಹೊಳೆಯಲಿಲ್ಲ. ಇವತ್ತು ಫೋಟೊಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನೋಡಿದೆ. ಪಕ್ಕದ ದೀಪದ ಕಂಬ ಎಲ್ಲದರಲ್ಲೂ ನೆಟ್ಟಗೇ ಇದೆ, ಮರ ವಾಲುತ್ತಾ ಬಂದಿದೆ. ಸುತ್ತಲಿನ ಮರಗಳೆಲ್ಲ ಚಿಗುರಿವೆ, ಇದರ ಒಂದು ಮಗ್ಗುಲು ಬೋಳು. ಬುಡದಲ್ಲಿ ಅಣಬೆ. ಈ ವಾರ ಹಕ್ಕಿಯೂ ಕಾಣಲಿಲ್ಲ.

ನಾಳೆ ಪಾರ್ಕಿನಲ್ಲೇ ಮೊಮ್ಮಗಳ ಹುಟ್ಟುಹಬ್ಬ. ಮಗ ಅದೇ ಮರದ ಕೊಂಬೆಗೆ ಉಯ್ಯಾಲೆ ಕಟ್ಟಿ ಬಂದಿದ್ದಾನೆ.

"ಆ ಮರದ ಕೆಳಗೆ ಮಕ್ಕಳು ಬೇಡ," ಅಂದೆ.

"ಕ್ಯಾಮೆರಾನೇ ಸೊಟ್ಟ ಹಿಡಿದಿರ್ತೀರ ಅತ್ತೆ," ಎಂದು ಸೊಸೆ ನಕ್ಕಳು.

"ಪಾರ್ಕಿನ ಮಾಲಿಯನ್ನೂ ಕೇಳ್ದೆ ಕಣಮ್ಮ," ಎಂದ ಮಗ. "ಅವರಜ್ಜನ ಕಾಲದ ಮರವಂತೆ. ನೀನು ಕಣ್ಣು ಹಾಕ್ದೆ ಅಂತ ಬೀಳುತ್ತಾ?"

ಈ ಮನೆಯಲ್ಲಿ ಇವತ್ತಿನವರೆಗೆ ನನ್ನ ಮಾತಿಗೆ ಯಾರೂ ನಕ್ಕಿರಲಿಲ್ಲ.

ಸಂಜೆಯಿಂದ ಗಾಳಿ ಎದ್ದಿದೆ. ನಾಳೆ ಎಲ್ಲರಿಗಿಂತ ಮೊದಲು ಹೋಗಿ ಆ ಉಯ್ಯಾಲೆಯಲ್ಲಿ ನಾನೇ ಕೂರುತ್ತೇನೆ. ನನ್ನನ್ನು ಎಬ್ಬಿಸುವ ಧೈರ್ಯ ಇವರಿಗೆ ಯಾರಿಗೂ ಇಲ್ಲ. ಮರಕ್ಕೆ ಮಾತ್ರ ನನ್ನ ಹೆದರಿಕೆ ಇಲ್ಲ.